ಕಂಬಳಿ ಹೊದ್ದ ಸೈಕಲ್ಲು

ನಮ್ಮ ಮನೆಯವರಿಗೆ ಒಂದು ಕೆಲಸ ಹೇಳುವ ಮೊದಲು ನಾನು ಬಹಳ ಯೋಚನೆ ಮಾಡುತ್ತೇನೆ. ಅವರು ಮಾಡುವುದಿಲ್ಲ ಎಂಬ ಭಯ ನನಗಿಲ್ಲ, ಮಾಡಿಬಿಡುತ್ತಾರೆ ಎಂಬುದೇ ಭಯ. ಬೆಕ್ಕು ಹಾಲಿಗೆ ಬಾಯಿ ಹಾಕುತ್ತದೆ ಎಂದು ಒಮ್ಮೆ ಬಾಯಿ ತಪ್ಪಿ ಅಂದಿದ್ದೆ. ಮರುದಿನವೇ ಹಾಲಿನ ಪಾತ್ರೆ ಇಡಲು ಕಬ್ಬಿಣದ ಪಂಜರವೊಂದನ್ನು ಬೆಸೆದು ತಂದರು. ಅದರ ಚಿಲಕ ತೆಗೆಯಲು ನನಗೆ ಇವತ್ತಿಗೂ ಇನ್ನೊಬ್ಬರ ಕೈ ಬೇಕು. ಬೆಕ್ಕು ಮಾತ್ರ ತಾನೇ ತೆಗೆದುಕೊಳ್ಳುತ್ತದೆ.

ಅವರ ಹೆಸರು ಮಾಳಿಂಗರಾಯ. ಮಹಾಲಿಂಗಪುರದ ದಾರಿಯಲ್ಲಿ ಅವರದೊಂದು ವೆಲ್ಡಿಂಗ್ ಅಂಗಡಿ ಇದೆ. ಕಬ್ಬು ಹೇರುವ ಟ್ರೇಲರ್ ಕಟ್ಟುವುದು, ಮುರಿದ ಟ್ರೇಲರ್ ಬೆಸೆಯುವುದು ಅವರ ಕೆಲಸ. ಹಗಲೆಲ್ಲ ಅದನ್ನೇ ಮಾಡುವ ಮನುಷ್ಯ ಮನೆಗೆಂದು ಒಂದು ಸ್ಟೂಲು ಮಾಡಿದರೂ ಅದರ ಮೇಲೆ ಒಂದು ಗಾಡಿ ಕಬ್ಬು ಹೇರಬಹುದು. ನಾನು ಸಾವಿತ್ರೆವ್ವ, ಹುನ್ನೂರಿನ ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಮನೆಗೆ ಬಂದರೆ ಇವರನ್ನು ನೋಡಿಕೊಳ್ಳುತ್ತೇನೆ. ಅಂಗನವಾಡಿಯೇ ವಾಸಿ, ಅಲ್ಲಿ ಮಧ್ಯಾಹ್ನ ಎಲ್ಲರೂ ಒಂದಿಷ್ಟು ಮಲಗುತ್ತಾರೆ.

ಹೀಗಿರುವಾಗ ಜಮಖಂಡಿಯ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಇವರ ಮುಂದೆಯೇ ಆ ಮಾತು ಆಡಬಾರದಿತ್ತು.

"ಅವ್ವಾರ ಎಲುಬು ಛಲೋ ಕೂಡೈತ್ರಿ. ಇನ್ನ ಕಾಲು ಆಡಸಬೇಕು. ಮನ್ಯಾಗ ಒಂದು ವ್ಯಾಯಾಮದ ಸೈಕಲ್ ಇಡ್ರಿ, ಹಿಡಕೊಂಡು ನಡ್ಯಾಕ ಏನರ ಆಸರ ಮಾಡ್ರಿ. ಈ ಮಳಿಗಾಲ ಕುಂತ ಕಳದ್ರ ಕಾಲು ಬಿಗದು ಹಂಗ ಉಳೀತೈತಿ. ಆಮ್ಯಾಲ ಯಾರ ಕಡಿಂದೂ ಏನೂ ಆಗೂದಿಲ್ಲ."

ಅವ್ವಾರು ಅಂದರೆ ನಮ್ಮ ಅತ್ತೆ, ಸಿದ್ದಕ್ಕ. ಚಳಿಗಾಲದಲ್ಲಿ ನೀರಿನ ತೊಟ್ಟಿಯ ಹತ್ತಿರ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು. ಒಳಗೆ ರಾಡು ಹಾಕಿ ಕೂಡಿಸಿದ್ದರು. ಅತ್ತೆ ಎಂಥ ನಡಿಗೆಯ ಹೆಂಗಸು ಎಂಬುದನ್ನು ಹೇಳದಿದ್ದರೆ ಈ ಕಥೆ ನಿಮಗೆ ತಿಳಿಯುವುದಿಲ್ಲ. ನಮ್ಮದು ಕುರಿ ಕಾಯ್ದ ಮನೆತನ, ಬೀರಪ್ಪ ದೇವರ ಒಕ್ಕಲು. ಪ್ರಾಯದಲ್ಲಿ ಅತ್ತೆ ಈಗಿಲ್ಲದ ನಮ್ಮ ಮಾವ ಗಿರಮಲ್ಲಪ್ಪನವರ ಜೊತೆ ಕುರಿಗಳ ಹಿಂದೆ ಕೃಷ್ಣಾ ದಂಡೆಯುದ್ದಕ್ಕೂ ನಡೆದವರು. ಬ್ಯಾರೇಜು ಆಗಿ, ನೀರು ಬಂದು, ಎಲ್ಲಿ ನೋಡಿದರಲ್ಲಿ ಕಬ್ಬು ಎದ್ದು ನಿಂತ ಮೇಲೆ ಕುರಿ ಮೇಯಿಸಲು ಜಾಗ ಉಳಿಯಲಿಲ್ಲ. ಕುರಿ ಮಾರಿದರು, ನಡಿಗೆ ಬಿಡಲಿಲ್ಲ. ಮಹಾಲಿಂಗಪುರದ ಸಂತೆಗೆ ನಡೆದೇ ಹೋಗುವರು. ದಾರಿಯಲ್ಲಿ ಟಂಟಂ ರಿಕ್ಷಾ ನಿಲ್ಲಿಸಿ "ಬಾ ಅವ್ವಾ" ಎಂದವರಿಗೆ "ನಿಮ್ಮ ಕಾಲಿಗೇನಾಗೇತ್ರೋ?" ಎಂದು ಕೇಳುವರು.

ಅಂಥವರು ಈಗ ಬಚ್ಚಲಿಗೆ ಹೋಗಲು ನನ್ನ ಹೆಗಲು ಹಿಡಿಯಬೇಕಾಗಿತ್ತು. ಹಿಡಿಯುವಾಗ ನನ್ನ ಮುಖ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದರು. ನನ್ನ ಹೆಗಲು ನೋಯುತ್ತಿದ್ದದ್ದು ನಿಜ. ಅವರು ಹಾಗೆ ಗೋಡೆ ನೋಡುವುದು ಅದಕ್ಕಿಂತ ಹೆಚ್ಚು ನೋಯುತ್ತಿತ್ತು.

ಡಾಕ್ಟರು ಹೇಳಿದ್ದು ಒಂದು ಸೈಕಲ್ಲು. ಇವರು ತೇರದಾಳಕ್ಕೆ ಹೋಗಿ ಒಂದು ಟ್ರೇಲರ್ ತುಂಬ ಸಾಮಾನು ತಂದರು. ಅಲ್ಲಿಯ ಕಾಳಿನ ವ್ಯಾಪಾರಿ ಮಹಾವೀರ ಅವರು ಹೊಟ್ಟೆ ಇಳಿಸಬೇಕೆಂದು ಮನೆಯಲ್ಲೇ ಜಿಮ್ ಮಾಡಿಸಿದ್ದರಂತೆ. ಹೊಟ್ಟೆ ಇಳಿಯಲಿಲ್ಲ, ಹಟ ಇಳಿಯಿತು. ಸಾಮಾನು ಹೊರಗೆ ಹೋಗುವಾಗ ಅವರ ಹೆಂಡತಿ ಭಕ್ತಿ ಎಲ್ಲರಿಗೂ ಬೆಲ್ಲದ ಚಹಾ ಕೊಟ್ಟು, ಉಳಿದ ಒಂದು ಡಂಬೆಲ್ಲನ್ನು ತಾನೇ ಹೊತ್ತು ತಂದು ಟ್ರೇಲರಿನಲ್ಲಿ ಇಟ್ಟಳಂತೆ. ನಿಂತಲ್ಲೇ ತುಳಿಯುವ ಸೈಕಲ್ಲು, ಮಲಗಿ ಭಾರ ಎತ್ತುವ ಬೆಂಚು, ಕಬ್ಬಿಣದ ಸರಳು, ಅದಕ್ಕೆ ಏರಿಸುವ ಬಿಲ್ಲೆಗಳು, ಇಷ್ಟೂ ನಮ್ಮ ಅಂಗಳದಲ್ಲಿ ಇಳಿದವು.

"ಅತ್ತಿ ಬೆಂಚಿನ ಮ್ಯಾಲ ಮಲಗಿ ಭಾರ ಎತ್ತತಾರೇನ್ರೀ?" ಎಂದೆ.

"ಸೆಟ್ ಒಡೀಬಾರದಲೇ," ಎಂದರು ಇವರು, ಗಂಭೀರವಾಗಿ.

ಮನೆಯ ಮುಂದೆ ನಮಗೊಂದು ಅಗಲವಾದ ಕಟ್ಟೆ ಇದೆ, ಮೇಲೆ ತಗಡಿನ, ನಮ್ಮ ಮಾತಿನಲ್ಲಿ ಪತ್ರಾಸಿನ, ಚಪ್ಪರ. ಅಲ್ಲಿಯೇ ಜಿಮ್ ಕಟ್ಟುವುದೆಂದು ತೀರ್ಮಾನವಾಯಿತು. ಅಂಗಡಿಗೆ ರಜೆ ಹಾಕಿ ಇವರು ಕೆಲಸಕ್ಕೆ ನಿಂತರು. ಮೊದಲು ಹಳೆಯ ಬಣ್ಣವನ್ನೆಲ್ಲ ಉಜ್ಜಿ ತೆಗೆದು ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಬಳಿದರು. ಅದು ಒಣಗಿದ ಮೇಲೆ ಬೂದು ಬಣ್ಣ. ನೆಲದ ತಂಪು ಕಬ್ಬಿಣಕ್ಕೆ ತಾಗಬಾರದೆಂದು ಪ್ರತಿ ಕಾಲಿನ ಕೆಳಗೂ ಟ್ರಾಕ್ಟರಿನ ಹಳೆ ಟೈರು ಕತ್ತರಿಸಿ ಇಟ್ಟರು. ಚೈನಿಗೆ ಗ್ರೀಸು, ಪೆಡಲಿಗೆ ಎಣ್ಣೆ, ಬೋಲ್ಟುಗಳಿಗೆ ಮತ್ತೆ ಗ್ರೀಸು. ಸೈಕಲ್ಲಿಗೆ ಅವರು ಮಾಡಿದ ಉಪಚಾರ ನನ್ನ ಎರಡೂ ಬಾಣಂತನದಲ್ಲಿ ನನಗೆ ಆಗಿರಲಿಲ್ಲ.

ಮನೆಯ ಹೊಸ್ತಿಲಿನಿಂದ ಸೈಕಲ್ಲಿನವರೆಗೆ ಸೊಂಟದ ಎತ್ತರಕ್ಕೆ ಎರಡು ಸಾಲು ಪೈಪು ನೆಟ್ಟರು. ಅತ್ತೆ ಎರಡೂ ಕಡೆ ಹಿಡಿದುಕೊಂಡು ನಡೆಯಲಿ ಎಂದು. ಟ್ರೇಲರಿನ ಪೈಪು ಅವು, ಕಾಂಕ್ರೀಟಿನಲ್ಲಿ ಕೂತವು. ಪಶ್ಚಿಮದ ಮಳೆಯ ಇರಚಲು ಕಟ್ಟೆಯ ಅರ್ಧದವರೆಗೆ ಬರುತ್ತದೆ ಎಂದು ಎಲ್ಲದರ ಮೇಲೂ ದೊಡ್ಡ ತಾಡಪತ್ರಿ ಹೊದಿಸಿ ಹಗ್ಗ ಬಿಗಿದರು. ಬಿಗಿಯುವಾಗ ನನಗೆ ತುಕ್ಕಿನ ಪಾಠವನ್ನೂ ಹೇಳಿದರು.

"ಪೂರಾ ಮುಚ್ಚಬಾರ್ದು ನೋಡು. ಕೆಳಗ ಗಾಳಿ ಆಡಬೇಕು. ಒಳಗ ಹಸಿ ಕುಂತ್ರ ಜಂಗ್ ಹಿಡೀತೈತಿ."

ಅತ್ತೆ ಬಾಗಿಲಲ್ಲಿ ಕುರ್ಚಿಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದರು.

"ಮಾಳ್ಯಾ, ಯಾರಿಗೋ ಇದು?"

"ನಿನಗ ಬೇ ಯವ್ವಾ."

"ನಾ ಏನ್ ಕುಸ್ತಿ ಹಿಡೀಬೇಕೇನೋ ಮಗನ?"

ಅಂದಿನಿಂದ ನೆಪಗಳು ಶುರುವಾದವು. ಉಂಡ ಮೇಲೆ ತುಳಿದರೆ ಹೊಟ್ಟೆ ಹಿಡಿಯುತ್ತದೆ, ಉಣ್ಣುವ ಮೊದಲು ತುಳಿದರೆ ತಲೆ ತಿರುಗುತ್ತದೆ. ಇವತ್ತು ಅಮಾವಾಸ್ಯೆ. ಇವತ್ತು ಅಮಾವಾಸ್ಯೆಯ ಮರುದಿನ. ಸೀಟು ಚೂಪಾಗಿದೆ. ಹಾದಿಗೆ ಹೋಗುವವರು ನೋಡುತ್ತಾರೆ. ಹಾದಿಗೆ ಪರದೆ ಕಟ್ಟಿದರೆ, ಗಾಳಿ ಬರುವುದಿಲ್ಲ. ಒಂದು ದಿನ ಏನೂ ಸಿಗದೆ, "ಇದರ ಬಣ್ಣ ಛಲೋ ಇಲ್ಲ," ಎಂದರು.

ಅವ್ವನಿಗೆ ಧೈರ್ಯ ಬರಲೆಂದು ಮಗ ತಾವೇ ಮಾಡಿ ತೋರಿಸಲು ಹೊರಟರು. ಬೆಂಚಿನ ಮೇಲೆ ಮಲಗಿ, ಸರಳಿಗೆ ಇದ್ದಬದ್ದ ಬಿಲ್ಲೆ ಏರಿಸಿ, "ನೋಡ್ ಬೇ," ಎಂದು ಎತ್ತಿದರು. ಎತ್ತಿದ್ದೇನೋ ಸರಿ, ಇಳಿಸುವಾಗ ಬೆನ್ನು ಹಿಡಿಯಿತು. ಅವರನ್ನು ಏಳಿಸಲು ನಾನು, ಪಕ್ಕದ ಮನೆಯ ಬೋರವ್ವ, ಅವಳ ಗಂಡ ಮೂವರೂ ಬೇಕಾಯಿತು. ಅಷ್ಟು ದಿನ ಅತ್ತೆಯವರ ಸೊಂಟಕ್ಕೆ ಹಚ್ಚುತ್ತಿದ್ದ ಎಣ್ಣೆಯನ್ನು ಮಗನ ಬೆನ್ನಿಗೂ ಹಚ್ಚುವಂತಾಯಿತು. ಅತ್ತೆಗೆ ಮಾತ್ರ ಆ ವಾರವೆಲ್ಲ ಖುಷಿಯೋ ಖುಷಿ.

"ನಾ ಹತ್ತಿದ್ರ ನನ್ನ ಗತಿನೂ ಇದs ಆಗತಿತ್ತು," ಎಂದು ಬಂದವರಿಗೆಲ್ಲ ಮಗನನ್ನು ತೋರಿಸುತ್ತಿದ್ದರು.

ಆಮೇಲೆ ಮುಂಗಾರಿನ ಮೊದಲ ಗಾಳಿ ಬಂತು. ನಾನು ಅಂಗನವಾಡಿಯಲ್ಲಿದ್ದೆ, ಇವರು ಅಂಗಡಿಯಲ್ಲಿ. ಧೂಳೆದ್ದು, ಹಿಂದೆಯೇ ಮಳೆ ಹೊಡೆಯಿತು. ಇವರು ಅಷ್ಟು ಬಿಗಿದ ತಾಡಪತ್ರಿ ಹಗ್ಗ ಕಿತ್ತುಕೊಂಡು ಎದುರಿನ ಕಬ್ಬಿನ ಹೊಲಕ್ಕೆ ಹೋಗಿ ಬಿತ್ತು. ನಾನು ಮಕ್ಕಳನ್ನು ಅವರವರ ಮನೆ ಮುಟ್ಟಿಸಿ ಓಡಿ ಬಂದು ನೋಡಿದರೆ, ಸೈಕಲ್ಲು ನೆನೆದಿರಲಿಲ್ಲ. ಅದರ ಮೇಲೆ ಕರಿ ಕಂಬಳಿಯೊಂದು ಬೆಚ್ಚಗೆ ಹೊದ್ದುಕೊಂಡಿತ್ತು. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರನ್ನು ಅಲ್ಲಿಗೆ ಕೈಹಿಡಿದು ತಂದ ಬೋರವ್ವ ಪಕ್ಕದಲ್ಲಿ ನಿಂತಿದ್ದಳು.

ಇವರು ಬಂದವರೇ ಕಣ್ಣು ತುಂಬಿಕೊಂಡರು. "ನೋಡಿದೇನ್ಲೇ? ಬಾಯಾಗ ಬೈತಾಳ ಅಷ್ಟ. ನಮ್ಮವ್ವಗ ನನ್ನ ಸೈಕಲ್ಲಿನ ಕಾಳಜಿ ಐತಿ."

ನನಗೆ ಆಗಲೇ ಸಂಶಯ ಬಂದಿತ್ತು. ಅತ್ತೆಯವರ ಮುಖದಲ್ಲಿ ಕಾಳಜಿ ಇರಲಿಲ್ಲ. ಬೇರೆ ಏನೋ ಇತ್ತು, ಒಳಗೊಳಗೆ ನಗುವಂಥದ್ದು.

ಬೆಳಗಾಯಿತು. ಇವರು ಕಂಬಳಿ ತೆಗೆಯಲು ಕೈ ಚಾಚಿದರು.

"ಮುಟ್ಟಬ್ಯಾಡ!" ಒಳಗಿನಿಂದ ಅತ್ತೆ ಕೂಗಿದರು. "ಅದು ನಿಮ್ಮಪ್ಪನ ಕಂಬಳಿ. ಹಾಸಿ ಭಂಡಾರ ಹಾಕೇನಿ."

ಬಗ್ಗಿ ನೋಡಿದೆವು. ಕಂಬಳಿಯ ನೆತ್ತಿಯ ಮೇಲೆ, ಸರಿಯಾಗಿ ಸೀಟು ಇರುವ ಕಡೆ, ಒಂದು ಹಿಡಿ ಹಳದಿ ಭಂಡಾರ ಇತ್ತು.

ನಮ್ಮವರಲ್ಲಿ ಕರಿ ಕಂಬಳಿ ಬರಿಯ ಹೊದಿಕೆಯಲ್ಲ. ಅದನ್ನು ಹಾಸಿ ಮೇಲೆ ಭಂಡಾರ, ಅಂದರೆ ದೇವರ ಅರಿಶಿನ, ಹಾಕಿದರೆ ಅದು ಬೀರಪ್ಪನ ಗದ್ದುಗೆ. ಅದರ ಮೇಲೆ ಕುಳಿತು ಕಾಲು ಆಡಿಸುವುದು ಹೋಗಲಿ, ಎದುರಿಗೆ ಚಪ್ಪಲಿ ಮೆಟ್ಟಿಕೊಂಡು ನಿಲ್ಲುವುದೂ ಇಲ್ಲ. ಅತ್ತೆ ಒಂದೇ ಕಂಬಳಿಯಲ್ಲಿ ಸೈಕಲ್ಲನ್ನೂ ಡಾಕ್ಟರನ್ನೂ ಮಗನನ್ನೂ ಮುಚ್ಚಿಹಾಕಿದ್ದರು. ಇಷ್ಟು ಜಾಣತನ ನನಗೆ ಯಾವ ಜನ್ಮದಲ್ಲೂ ಬರುವುದಿಲ್ಲ. ಸಿಟ್ಟೂ ಬಂತು, ಕೈ ಮುಗಿಯಬೇಕೆಂದೂ ಅನಿಸಿತು. ಯಾರಿಗೆ ಎಂದು ಮಾತ್ರ ಗೊತ್ತಾಗಲಿಲ್ಲ, ಬೀರಪ್ಪನಿಗೋ ಅತ್ತೆಗೋ.

ಸುದ್ದಿ ಹಬ್ಬಿಸಲು ಬೋರವ್ವ ಇದ್ದಳಲ್ಲ. ಸಿದ್ದಕ್ಕನ ಕಟ್ಟೆಯ ಮೇಲೆ ಗದ್ದುಗೆ ಆಗಿದೆಯಂತೆ ಎಂದು ಓಣಿಯ ಹೆಂಗಸರು ಬಂದು ನಮಸ್ಕಾರ ಮಾಡಿದರು. ಅವರಲ್ಲಿ ಸೋಮವ್ವ ಎಂಬವಳು ಕಾಯಿಯನ್ನೂ ಒಡೆದಳು. ಕಂಬಳಿಯ ಕೆಳಗಿನಿಂದ ಪೆಡಲೊಂದು ಸ್ವಲ್ಪ ಹೊರಗೆ ಇಣುಕುತ್ತಿತ್ತು. ಅದು ಏನೆಂದು ಯಾರೂ ಕೇಳಲಿಲ್ಲ, ಅದಕ್ಕೂ ಒಂದಿಷ್ಟು ಭಂಡಾರ ಹಚ್ಚಿ ಹೋದರು.

ಇವರ ಸಂಕಟ ನೋಡಲಾಗುತ್ತಿರಲಿಲ್ಲ. ಮಳೆ ಬಂದಾಗಲೆಲ್ಲ ಇರಚಲು ಕಂಬಳಿಗೆ ಬಡಿಯುವುದು. ಉಣ್ಣೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. "ಒಳಗ ಜಂಗ್ ಹಿಡ್ಯಾಕತ್ತಿರತೈತಿ," ಎಂದು ಊಟ ಬಿಟ್ಟು ಹೊರಗೆ ನೋಡುವರು. ಕಂಬಳಿ ಎತ್ತುವಂತಿಲ್ಲ, ಕೆಳಗಿನಿಂದಲಾದರೂ ಚೈನಿಗೆ ಗ್ರೀಸು ಹಚ್ಚೋಣ ಎಂದು ಒಂದು ಬೆಳಿಗ್ಗೆ ಮೆಲ್ಲಗೆ ಅಂಗಾತ ಮಲಗಿ ಒಳಗೆ ತೂರಲು ನೋಡಿದರು. ತಲೆ ಒಳಗೆ ಹೋಗಲಿಲ್ಲ. ತಿರುಗಿ ಕಾಲ ಕಡೆಯಿಂದ ತೂರಿದರು.

"ಮಾಳ್ಯಾ! ದೇವರ ಕಡೆ ಕಾಲು ಮಾಡಿ ಮಲಗೀಯಲ್ಲೋ, ನಿನ್ನ ಬುದ್ಧಿಗಿಷ್ಟು!" ಎಂದು ಅತ್ತೆ ಬಾಗಿಲಿನಿಂದ ಗುಡುಗಿದರು. ಗ್ರೀಸಿನ ಡಬ್ಬಿ ಅಲ್ಲಿಯೇ ಬಿಟ್ಟು ಇವರು ಎದ್ದು ಬಂದರು. ಆಮೇಲೆ ಪಶ್ಚಿಮದ ಬದಿಗೆ ಪ್ಲಾಸ್ಟಿಕ್ಕಿನ ಪರದೆ ಹಾಕಿ, ಅದು ಹಾರದಂತೆ ಕೆಳಗೆ ಕಬ್ಬಿಣದ ಪಟ್ಟಿ ಬೆಸೆದರು. ಕೇಳಿದವರಿಗೆ ದೇವರಿಗೆ ಮಳೆ ತಾಗಬಾರದಲ್ಲ ಎಂದು ಹೇಳುವರು. ಮನಸ್ಸೆಲ್ಲ ಚೈನಿನ ಮೇಲೆ ಇತ್ತು.

ನನಗೆ ಚೈನಿನ ಚಿಂತೆ ಇರಲಿಲ್ಲ. ಮಳೆಗಾಲ ಓಡುತ್ತಿತ್ತು, ಅತ್ತೆ ಕುರ್ಚಿಯಿಂದ ಏಳುತ್ತಿರಲಿಲ್ಲ. ಎಬ್ಬಿಸುವಾಗ ಅವರ ಮೊಣಕಾಲು ಮೊದಲಿಗಿಂತ ಗಟ್ಟಿಯಾಗುತ್ತಿರುವುದು ನನ್ನ ಕೈಗೆ ತಿಳಿಯುತ್ತಿತ್ತು. ರಾಡು ಹಾಕಿದ ಎಲುಬಿನ ಬಗ್ಗೆ ಅಷ್ಟು ಕಾಳಜಿ ಮಾಡಿದ ನಾವು, ಒಂದು ಕಂಬಳಿಗೆ ಸೋತು ಅತ್ತೆಯನ್ನು ಕುರ್ಚಿಗೆ ಬಿಟ್ಟುಕೊಡುತ್ತೇವೆಯೇ ಎಂದು ನನಗೆ ಅಂಜಿಕೆಯಾಗಿತ್ತು.

ಕೊನೆಗೆ ಇವರು ಬೀರಪ್ಪನ ಗುಡಿಯ ಪೂಜಾರಿ ಚನಮಲ್ಲಪ್ಪನವರನ್ನು ಕರೆದುಕೊಂಡು ಬಂದರು. ದೊಡ್ಡವರು ಬಂದು ನಾಲ್ಕು ಮಾತು ಹೇಳಿ ಕಂಬಳಿ ತೆಗೆದುಕೊಟ್ಟರೆ ಆಯಿತು ಎಂಬುದು ಇವರ ಲೆಕ್ಕ. ಚನಮಲ್ಲಪ್ಪನವರು ಕಾಲು ತೊಳೆದು ಕಟ್ಟೆ ಹತ್ತಿದರು, ಗದ್ದುಗೆಗೆ ನಮಸ್ಕಾರ ಮಾಡಿದರು, ಇಣುಕುತ್ತಿದ್ದ ಪೆಡಲನ್ನು ನೋಡಿದರು. ಏನೂ ಕೇಳಲಿಲ್ಲ. ಒಳ್ಳೆಯ ಪೂಜಾರಿ.

"ಇದನ್ನ ನೀವs ತಗೀಬೇಕ್ರಿ," ಎಂದರು ಇವರು.

"ನಾ ಹೆಂಗ ತಗೀಲೋ ತಮ್ಮಾ? ಭಂಡಾರ ಹಾಕಿದ ಕೈ ಯಾವುದು?"

"ನಮ್ಮವ್ವಂದು."

"ಹಾಸಿದವ್ರs ಎತ್ತಬೇಕು. ಅವರ ಮನಸಿಗೆ ಬಂದಾಗ ಎತ್ತಲಿ. ಮಂದಿ ಕೈ ಹಾಕಬಾರ್ದು."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭಕ್ತಿಯಿಂದ ಎಂದು ಪೂಜಾರಿ ತಿಳಿದಿರಬೇಕು. ನಾನು ಅತ್ತೆಯ ಹೆಗಲು ಅಲುಗುವುದನ್ನು ನೋಡಿದೆ, ನಗುತ್ತಿದ್ದರು. ಆಗ ನನಗೆ ಒಂದು ಮಾತು ಹೊಳೆಯಿತು. ಚಹಾದ ಬಟ್ಟಲು ಚನಮಲ್ಲಪ್ಪನವರ ಮುಂದೆ ಇಟ್ಟು, ಏನೂ ತಿಳಿಯದವಳ ಹಾಗೆ ಕೇಳಿದೆ.

"ಎತ್ತೂದು ಹಾಸಿದವ್ರ ಕೈಲೆ ಅಂದ್ರಿ. ಮತ್ತ ದೀಪ, ಭಂಡಾರ ಯಾರು ಮಾಡಬೇಕ್ರೀ? ನಾ ಮಾಡಿದ್ರ ನಡೀತೈತ್ರಿ?"

"ಹೆಂಗ ನಡೀತೈತವಾ? ಹಾಸಿದವ್ರs ಮಾಡಬೇಕು. ಮುಂಜಾನೆ, ಸಂಜೀಕ. ಗದ್ದಗಿ ಅಂದ ಮ್ಯಾಲ ಬಿಡಾಕ ಬರೂದಿಲ್ಲ."

"ಕುರ್ಚಿಯಾಗ ಕುಂತು ಮಾಡಬಹುದೇನ್ರೀ? ನಾವು ಕುರ್ಚಿ ಎತ್ಕೊಂಡು ಬರ್ತೀವಿ."

ಚನಮಲ್ಲಪ್ಪನವರು ನನ್ನ ಮುಖ ನೋಡಿದರು. ಆಮೇಲೆ ಪೈಪಿನ ಸಾಲು ನೋಡಿದರು, ಅತ್ತೆಯವರ ಕಾಲು ನೋಡಿದರು. ಚಹಾ ಒಂದು ಗುಟುಕು ಕುಡಿದರು.

"ದೇವರ ಮುಂದ ಕುರ್ಚಿ ಹೆಂಗ ಹಾಕತೀರಿ?" ಎಂದರು. "ಹೊಸ್ತಲದಿಂದ ಬರಿಗಾಲಿಲೆ ನಡದು ಬರಬೇಕು. ತಡಾ ಆದ್ರೂ ಚಿಂತಿಲ್ಲ. ಬೀರಪ್ಪಗ ಗಡಬಡಿ ಇಲ್ಲ."

ಅತ್ತೆ ಸೆರಗು ಬಾಯಿಂದ ತೆಗೆದರು. ಈಗ ನಗುವ ಸರದಿ ನನ್ನದು. ನಾನು ನಗಲಿಲ್ಲ, ಬಟ್ಟಲು ತೆಗೆದುಕೊಂಡು ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಕ್ಕೆ.

ಅವತ್ತು ಸಂಜೆ ಅತ್ತೆ ಹೊಸ್ತಿಲಲ್ಲಿ ಎರಡೂ ಪೈಪು ಹಿಡಿದು ನಿಂತರು. ಹಿಂದೆ ನಾನು ದೀಪ ಹಿಡಿದು ನಿಂತೆ. ಬೈಗಳು ಬರುತ್ತವೆ ಎಂದು ಕಾದೆ. ಬರಲಿಲ್ಲ.  

"ಸಾವಿತ್ರೀ," ಎಂದರು, ಹಿಂದೆ ತಿರುಗದೆ. "ನಾ ಸೈಕಲ್ಲಿಗೆ ಅಂಜಿಲ್ಲವಾ."

"ಮತ್ಯಾಕ್ರೀ ಅತ್ತಿ?"

"ಹತ್ತಿ ನೋಡಿ, ಕಾಲು ಬರಲಿಲ್ಲ ಅಂದ್ರ? ಹತ್ತಿಲ್ಲ ಅಂದ್ರ, ಹತ್ತಿಲ್ಲ ಅದಕ್ಕ ಬಂದಿಲ್ಲ ಅನ್ಕೊಂತ ಕುಂದ್ರಬಹುದು. ಹತ್ತಿನೂ ಬರಲಿಲ್ಲ ಅಂದ್ರ ಮುಗೀತಲ್ಲ. ಮುಂದ ಏನ್ ಅನ್ಕೊಂಡು ಕುಂದ್ರಲಿ?"

ಅಷ್ಟು ದಿನದ ಅಮಾವಾಸ್ಯೆ, ಬಣ್ಣ, ಸೀಟು, ಕಂಬಳಿ ಎಲ್ಲದರ ಕೆಳಗೆ ಇದ್ದದ್ದು ಇದು. ನನಗೆ ಅಳು ನುಗ್ಗಿ ಬಂತು. ಅತ್ತರೆ ಅವರು ಅಲ್ಲಿಯೇ ಕುಸಿಯುತ್ತಾರೆ ಎಂದು ಹಲ್ಲು ಕಚ್ಚಿದೆ.

"ಗಾಳಿ ಬಿಡಾಕತ್ತೈತ್ರಿ ಅತ್ತಿ, ದೀಪ ಆರತೈತಿ. ಜಲ್ದಿ ನಡೀರಿ," ಎಂದೆ.

"ಪೂಜಾರಿ ಬೀರಪ್ಪಗ ಗಡಬಡಿ ಇಲ್ಲಂದಾನ. ನಿನಗ ಯಾಕ?" ಎಂದು ಬೈದು, ಒಂದು ಹೆಜ್ಜೆ ಇಟ್ಟರು.

ಆ ಸಂಜೆ ಅವರು ಗದ್ದುಗೆ ಮುಟ್ಟುವಷ್ಟರಲ್ಲಿ ಎಣ್ಣೆ ತೀರಿ ದೀಪಕ್ಕೆ ಮತ್ತೆ ಎಣ್ಣೆ ಹಾಕಬೇಕಾಯಿತು. ಬೆವರು ಸುರಿಯುತ್ತಿತ್ತು. ಭಂಡಾರ ಹಾಕಿ, ಪೈಪಿಗೆ ಒರಗಿ ಕೈ ಮುಗಿದು, ನನಗೆ ಕೇಳುವಷ್ಟು ಗಟ್ಟಿಯಾಗಿ ಬೇಡಿಕೊಂಡರು. "ಯಪ್ಪಾ ಬೀರಪ್ಪಾ, ಎಂಥಾ ಸೊಸಿನ್ನ ಕೊಟ್ಟೀಯಪ್ಪಾ. ಇಕಿ ಕಡಿಂದ ನನ್ನ ಕಾಪಾಡು."

ಬೀರಪ್ಪ ಕಾಪಾಡಲಿಲ್ಲ. ಬೆಳಿಗ್ಗೆ ಮತ್ತೆ ಹೊಸ್ತಿಲು, ಸಂಜೆ ಮತ್ತೆ ಹೊಸ್ತಿಲು. ಒಂದು ದಿನ ಕಾಲು ಬಾತುಕೊಂಡಿತು. ಒಂದು ದಿನ ನಡುವೆಯೇ ನಿಂತು ಅತ್ತುಬಿಟ್ಟರು. ಅವತ್ತು ಸೈಕಲ್ಲು, ಗದ್ದುಗೆ, ಡಾಕ್ಟರು ಎಲ್ಲವೂ ಹಾಳಾಗಲಿ ಎಂದು ಅವರನ್ನು ಒಳಗೆ ಕರೆದುಕೊಂಡು ಹೋಗಲು ನಾನೂ ಕೈ ಚಾಚಿದೆ. "ದೀಪ ಹಿಡದಾಕಿ ದೀಪ ಹಿಡಿ," ಎಂದು ಕೈ ತಳ್ಳಿದರು. ಹೋಗಿ ಮುಟ್ಟಿದರು.

ಶ್ರಾವಣ ಬರುವಷ್ಟರಲ್ಲಿ ಎರಡು ಕೈ ಬೇಕಾಗಿದ್ದ ಕಡೆ ಒಂದು ಕೈ ಸಾಕಾಯಿತು. ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ದೀಪ. ನಾನು ಹಿಂದೆ ಬರಿಗೈಯಲ್ಲಿ ನಡೆಯುತ್ತಿದ್ದೆ. ದೀಪ ಕೈಗೆ ಬಂದ ಮೇಲೆ ಅವರ ಬಾಯಿಯೂ ಮೊದಲಿನ ಹಾಗಾಯಿತು. ಕಟ್ಟೆಯ ಮೂಲೆಯಲ್ಲಿ ಕಸ ಇದೆ, ಪರದೆಗೆ ಜೇಡ ಬಲೆ ಕಟ್ಟಿದೆ, ಸೋಮವ್ವ ಮೊನ್ನೆ ಒಡೆದ ಕಾಯಿಯ ನೀರಿಗೆ ಇರುವೆ ಬಂದಿದೆ, ಎಲ್ಲವೂ ಕಾಣತೊಡಗಿದವು. ನನಗೆ ಕೆಲಸ ಹೆಚ್ಚಾಯಿತು.

ಬಚ್ಚಲಿಗೆ ಈಗ ನನ್ನ ಹೆಗಲು ಬೇಡವಾಗಿತ್ತು, ಗೋಡೆ ಹಿಡಿದು ಹೋಗುತ್ತಿದ್ದರು. ಆದರೂ ಏನನ್ನಾದರೂ ಹಿಡಿಯದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಜಮಖಂಡಿಗೆ ತೋರಿಸಲು ಹೋದಾಗ ಡಾಕ್ಟರು ಖುಷಿಯಾದರು. "ಸೈಕಲ್ ತುಳದದ್ದಕ್ಕ ಛಲೋ ಆಗೇತಿ," ಎಂದರು. ಇವರು ಬಾಯಿ ತೆರೆದರು, ನಾನು ಕಾಲು ತುಳಿದೆ. "ಇನ್ನ ಕೈ ಬಿಟ್ಟು ನಿಂದ್ರೂದೊಂದು ಉಳದೈತಿ," ಎಂದು ಡಾಕ್ಟರು ಅಂದಾಗ ಅತ್ತೆ ಮತ್ತೆ ಗೋಡೆ ನೋಡಿದರು. ಕೈ ಬಿಡು ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಆ ದಿನ ಅವರು ಉಣ್ಣುತ್ತಿರಲಿಲ್ಲ. ಹೀಗಾಗಿ ನಾವೂ ಹೇಳುವುದು ಬಿಟ್ಟೆವು.

ಮಹಾನವಮಿ ಹತ್ತಿರ ಬಂತು. ನಮ್ಮ ಕಡೆ ಹಬ್ಬಕ್ಕೆ ಮೊದಲು ಮನೆಯ ಹಾಸಿಗೆ ಹೊದಿಕೆ ಎಲ್ಲವನ್ನೂ ಹಳ್ಳಕ್ಕೆ ಒಯ್ದು ತೊಳೆಯಬೇಕು. ನಾನು ಗಂಟು ಕಟ್ಟುತ್ತಿದ್ದೆ. ಇವರು ಹಗ್ಗ ಹುಡುಕುತ್ತಿದ್ದರು. ಅತ್ತೆ ಬೆಳಗಿನ ದೀಪ ಮುಗಿಸಿ ಗದ್ದುಗೆಯ ಮುಂದೆ ನಿಂತವರು ಅಲ್ಲಿಂದಲೇ ಕೂಗಿದರು.

"ಈ ಕಂಬಳಿ ಯಾರು ತೊಳ್ಯಾವ್ರು? ನಿಮ್ಮಪ್ಪನ ಕಂಬಳಿ ವಾಸನಿ ಹೊಡ್ಯಾಕತ್ತೈತಿ."

ಪೈಪಿಗೆ ಒರಗಿ ನಿಂತು ಮೊದಲು ಭಂಡಾರವನ್ನು ಬೆರಳಿನಿಂದ ಬಳಿದು ಹಣೆಗೆ ಹಚ್ಚಿಕೊಂಡರು. ಕೈ ಮುಗಿದರು. ಕಂಬಳಿಯ ತುದಿ ಹಿಡಿದು ಎಳೆದು ಹೆಗಲಿಗೆ ಹಾಕಿಕೊಂಡರು. ಇವರು ಹಗ್ಗ ಬಿಸಾಕಿ ಓಡಿ ಬಂದರು.

ಸೈಕಲ್ಲು ಕಂಡಿತು. ರೆಡ್ ಆಕ್ಸೈಡು, ಬೂದು ಬಣ್ಣ, ಗ್ರೀಸು ಯಾವುದೂ ಉಳಿದಿರಲಿಲ್ಲ. ಒಳಗೆ ಕುಂತ ಹಸಿ ಅದನ್ನು ಕಂದು ಮಾಡಿ ಇಟ್ಟಿತ್ತು. ಚೈನು ಬಿಗಿದು ಒಂದೇ ಕಬ್ಬಿಣದ ಸರಳಿನಂತಾಗಿತ್ತು. ಇವರು ಪೆಡಲು ತಿರುಗಿಸಲು ನೋಡಿದರು, ತಿರುಗಲಿಲ್ಲ. ಕಾಲಿನಿಂದ ಒತ್ತಿದರು, ಇಡೀ ಸೈಕಲ್ಲು ಅಲುಗಿತೇ ಹೊರತು ಪೆಡಲು ಅಲುಗಲಿಲ್ಲ. ತಲೆಯ ಮೇಲೆ ಕೈ ಹೊತ್ತು ಕುಳಿತರು.

ಅತ್ತೆಗೆ ನಗು ತಡೆಯಲಾಗಲಿಲ್ಲ. "ಇವತ್ತು ಹತ್ತಿ ನೋಡೂಣು ಅನ್ಕೊಂಡಿದ್ನಿ. ಈಗ ಇದರ ಕಾಲs ಹೋಗ್ಯಾವಲ್ಲೋ ಮಾಳ್ಯಾ!"

"ನಾ ಮೊದಲs ಹೇಳಿದ್ನಿ, ಗಾಳಿ ಆಡಬೇಕು ಅಂತ. ಯಾರೂ ಕೇಳಲಿಲ್ಲ."

"ಅಳಬ್ಯಾಡ, ಏಳು. ಡಾಕ್ಟರ ಏನ್ ಹೇಳ್ಯಾನ? ಕುಂತ್ರ ಬಿಗೀತೈತಿ, ಆಡಸಬೇಕು. ಎಣ್ಣಿ ತಾ."

ಇವರು ಎಣ್ಣೆಯ ಕ್ಯಾನು ತಂದರು. "ನಾ ಹಾಕತೀನಿ ಬೇ," ಎಂದರು. "ನೀ ಹಾಕಿದ್ರ ಸೈಕಲ್ಲು ತೇಲತೈತಿ," ಎಂದು ಅತ್ತೆ ಅದನ್ನು ಕಸಿದುಕೊಂಡರು. ಹೆಗಲ ಮೇಲಿನ ಕಂಬಳಿಯನ್ನು ನನ್ನ ಕೈಗೆ ಎಸೆದರು. ಬಲಗೈಯಲ್ಲಿ ಕ್ಯಾನು, ಎಡಗೈಯಲ್ಲಿ ಚಿಂದಿ ಬಟ್ಟೆ. ಬಗ್ಗಿ ಚೈನಿಗೆ ಒಂದೊಂದೇ ಹನಿ ಬಿಟ್ಟರು, ಚಿಂದಿಯಿಂದ ಉಜ್ಜಿದರು, ಆಚೆ ಬದಿಗೆ ಹೋಗಿ ಅಲ್ಲಿಯ ಪೆಡಲಿಗೆ ಬಿಟ್ಟರು, ಮತ್ತೆ ಈಚೆಗೆ ಬಂದರು. ಬಾಯಿ ಮಗನನ್ನು ಬೈಯುತ್ತಲೇ ಇತ್ತು.

ಪೈಪಿನ ಸಾಲು ಸೈಕಲ್ಲಿನ ಈಚೆಗೇ ಮುಗಿದು, ಅವರ ಹಿಂದೆ ಉಳಿದಿತ್ತು. ಗೋಡೆ ಇನ್ನೂ ದೂರ. ನಾನು ಕಂಬಳಿ ಹಿಡಿದುಕೊಂಡು ನಿಂತಲ್ಲೇ ನಿಂತೆ. ಇವರೂ ನೋಡಿದರು. ಇವರ ತುಟಿ ತೆರೆಯಿತು, ಈ ಸಲ ನಾನು ಕಾಲು ತುಳಿಯಬೇಕಾಗಲಿಲ್ಲ, ತಾವೇ ಮುಚ್ಚಿಕೊಂಡರು.

"ಯಾಕ ಹಿಂಗ ಕಣ್ಣು ಬಿಟ್ಕೊಂಡು ನಿಂತೀರಿ ಇಬ್ರೂ? ಹೆಣ್ಮಕ್ಕಳು ಎಣ್ಣಿ ಹಾಕೂದು ಕಂಡಿಲ್ಲೇನು?" ಎಂದು ಅತ್ತೆ ರೇಗಿದರು. "ಹೋಗ್, ಇನ್ನೊಂದು ಚಿಂದಿ ತಾ."

ನಾನು ಚಿಂದಿ ತರಲು ಒಳಗೆ ಹೋದೆ. ಸಿಕ್ಕಿದ ಚಿಂದಿಯಿಂದ ಮೊದಲು ನನ್ನ ಕಣ್ಣು ಒರೆಸಿಕೊಂಡೆ.